ಝಡ್ ಡ್ರೈವ್ ಕಾಣ್ತದೆ, ಕ್ಲಿಪ್ ಮಾತ್ರ ಕಾಣಲ್ಲ!

ಬೇಸಿಗೆಯ ಲಗ್ನಗಳು ಮುಗಿಯುತ್ತಿದ್ದ ಹಾಗೆ ನಮ್ಮ ಕಡೆಯ ಸ್ಟುಡಿಯೋದವರ ಪತ್ರಗಳು ಶುರುವಾಗುತ್ತವೆ. ಶೂಟಿಂಗ್ ಆಗಿದೆ, ಎಡಿಟಿಂಗ್ ಬಾಕಿ ಇದೆ, ಹುಡುಗಿಯ ಅಪ್ಪ ದಿನಾ ಫೋನ್ ಮಾಡ್ತಿದ್ದಾರೆ. ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ನೆಟ್‌ವರ್ಕ್ ಡ್ರೈವಿನದ್ದೇ. ಹಾಗಾಗಿ ಮೊಬೈಲ್ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಮ್ಮದೊಂದು ಚಿಕ್ಕ ಸ್ಟುಡಿಯೋ. ಎರಡು ಕಂಪ್ಯೂಟರ್, ಎರಡರಲ್ಲೂ ವಿಂಡೋಸ್. ಫುಟೇಜ್ ಎಲ್ಲ ಒಂದೇ ಕಡೆ ಇರಲಿ ಅಂತ ಎರಡು ಡಿಸ್ಕಿನ ನಾಸ್ (ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ತಂದು, ಅದರ ಫೋಲ್ಡರ್‌ಗೆ ಒಂದು ಅಕ್ಷರ ಕೊಟ್ಟು ಝಡ್ ಡ್ರೈವ್ ಅಂತ ಮ್ಯಾಪ್ ಮಾಡಿದೆವು. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಚೆನ್ನಾಗಿ ತೆರೆಯುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್ ಒಳಗೆ ಹೋದರೆ ಝಡ್ ಡ್ರೈವೇ ಇಲ್ಲ. ಇನ್ನೊಂದು ಕಂಪ್ಯೂಟರಿನಲ್ಲಿ ಡ್ರೈವ್ ಕಾಣುತ್ತದೆ, ಆದರೆ ನಾನು ಮಾಡಿದ ಪ್ರಾಜೆಕ್ಟ್ ಅಲ್ಲಿ ತೆರೆದರೆ ಕ್ಲಿಪ್‌ಗಳೆಲ್ಲ ಕೆಂಪು, 'ಮೀಡಿಯಾ ಆಫ್‌ಲೈನ್' ಅನ್ನುತ್ತದೆ. ನಾಸ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ. ಎಕ್ಸ್‌ಪ್ಲೋರರ್‌ನಲ್ಲಿ ತೆರೆಯುತ್ತಿದೆ ಅಂದಮೇಲೆ ನಾಸ್, ಕೇಬಲ್, ಪಾಸ್‌ವರ್ಡ್ ಎಲ್ಲ ಸರಿ ಇವೆ. ನಿಮ್ಮದು ಒಂದಲ್ಲ, ಎರಡು ತೊಂದರೆ. ಎರಡೂ ಸೇರಿ ಒಂದೇ ಥರ ಕಾಣ್ತಿವೆ ಅಷ್ಟೇ.

ಮೊದಲನೆಯದು. ರಿಸಾಲ್ವ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ, ಕಂಪ್ಯಾಟಿಬಿಲಿಟಿ ಅನ್ನೋ ಪುಟ ನೋಡಿ. 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಅನ್ನೋದಕ್ಕೆ ಟಿಕ್ ಬಿದ್ದಿರಬಹುದು ಅಂತ ನನ್ನ ಅನುಮಾನ. ಹಾಗೆ ಮಾಡಿದರೆ ಸಾಫ್ಟ್‌ವೇರ್ ಫಾಸ್ಟ್ ಆಗುತ್ತದೆ ಅಂತ ಯಾರೋ ಯಾವುದೋ ವಿಡಿಯೋದಲ್ಲಿ ಹೇಳಿರ್ತಾರೆ, ನಾವು ಸುಮ್ನೆ ಟಿಕ್ ಹಾಕಿಬಿಡ್ತೀವಿ. ಫಾಸ್ಟ್ ಏನೂ ಆಗಲ್ಲ. ವಿಂಡೋಸ್ ಒಬ್ಬನೇ ಮನುಷ್ಯನನ್ನು ಇಬ್ಬರನ್ನಾಗಿ ನೋಡುತ್ತದೆ. ಸಾಮಾನ್ಯ ನೀವು ಒಬ್ಬರು, ಅಡ್ಮಿನ್ ನೀವು ಇನ್ನೊಬ್ಬರು. ಝಡ್ ಡ್ರೈವ್ ಮ್ಯಾಪ್ ಮಾಡಿದ್ದು ಸಾಮಾನ್ಯ ನೀವು, ರಿಸಾಲ್ವ್ ತೆರೆದದ್ದು ಅಡ್ಮಿನ್ ನೀವು. ಆ ಇನ್ನೊಬ್ಬರ ಪಾಲಿಗೆ ಝಡ್ ಅನ್ನೋದೇ ಹುಟ್ಟಿಲ್ಲ. ಟಿಕ್ ತೆಗೆಯಿರಿ, ಮತ್ತೆ ತೆರೆಯಿರಿ. ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಪಟ್ಟಿಯಾದ ರಿಜಿಸ್ಟ್ರಿಯಲ್ಲಿ 'ಎನೇಬಲ್ ಲಿಂಕ್ಡ್ ಕನೆಕ್ಷನ್ಸ್' ಅನ್ನೋದನ್ನು 1 ಅಂತ ಇಟ್ಟು ರೀಸ್ಟಾರ್ಟ್ ಮಾಡಿದರೆ ಇಬ್ಬರಿಗೂ ಡ್ರೈವ್ ಕಾಣುವ ಹಾಗೆ ಮಾಡಬಹುದು. ಆದರೆ ಅಡ್ಮಿನ್ ಆಗಿಯೇ ಓಡಬೇಕು ಅನ್ನುವ ಪ್ಲಗಿನ್ ಏನಾದರೂ ಇದ್ದರೆ ಮಾತ್ರ ಆ ತಂಟೆಗೆ ಹೋಗಿ.

ಆಮೇಲೂ ಕಾಣದಿದ್ದರೆ ರಿಸಾಲ್ವ್‌ನ ಪ್ರಿಫರೆನ್ಸಸ್ ಒಳಗೆ ಮೀಡಿಯಾ ಸ್ಟೋರೇಜ್ ಅನ್ನೋ ಪಟ್ಟಿ ಇದೆ, ಅಲ್ಲಿ ಆ್ಯಡ್ ಒತ್ತಿ ನಾಸ್‌ನ ಫೋಲ್ಡರ್ ಸೇರಿಸಿ, ಸೇವ್ ಮಾಡಿ, ಸಾಫ್ಟ್‌ವೇರ್ ಮುಚ್ಚಿ ತೆರೆಯಿರಿ. ಇಲ್ಲೊಂದು ಎಚ್ಚರಿಕೆ. ಈ ಪಟ್ಟಿಯಲ್ಲಿ ಮೊದಲನೆಯ ಸಾಲಿನಲ್ಲಿ ಯಾವ ಡ್ರೈವ್ ಇದೆಯೋ ಅಲ್ಲಿಗೇ ರಿಸಾಲ್ವ್ ತನ್ನ ಕ್ಯಾಶ್ (ತಾತ್ಕಾಲಿಕ ಫೈಲ್‌ಗಳು) ಮತ್ತು ಗ್ಯಾಲರಿ ಸ್ಟಿಲ್‌ಗಳನ್ನು ತುಂಬುತ್ತದೆ. ನಾಸ್ ಮೊದಲ ಸಾಲಿಗೆ ಬಂದರೆ ಪ್ರತಿ ಎಫೆಕ್ಟ್‌ನ ಕ್ಯಾಶ್ ಕೇಬಲ್ ದಾಟಿ ಹೋಗಿ ಕೇಬಲ್ ದಾಟಿ ವಾಪಸ್ ಬರಬೇಕು. ಕಂಪ್ಯೂಟರ್ ಒಳಗಿನ ಎಸ್‌ಎಸ್‌ಡಿ ಮೊದಲು, ನಾಸ್ ಎರಡನೆಯದು.

ಈಗ ಎರಡನೆಯ ತೊಂದರೆ. ಎಡಿಟಿಂಗ್ ಸಾಫ್ಟ್‌ವೇರ್ ನಿಮ್ಮ ಕ್ಲಿಪ್ಪನ್ನು ಪ್ರಾಜೆಕ್ಟ್ ಒಳಗೆ ಇಟ್ಟುಕೊಳ್ಳುವುದಿಲ್ಲ. ಅದರ ವಿಳಾಸ ಮಾತ್ರ ಬರೆದಿಟ್ಟುಕೊಳ್ಳುತ್ತದೆ. ನಮ್ಮೂರನ್ನೇ ನೋಡಿ. 2014ರ ನವೆಂಬರ್ 1ರಂದು ಗುಲ್ಬರ್ಗಾ ಹೋಗಿ ಕಲಬುರಗಿ ಆಯಿತು. ಈಗಲೂ ಲಕೋಟೆ ಮೇಲೆ ಗುಲ್ಬರ್ಗಾ ಅಂತ ಬರೆದರೂ ಪತ್ರ ಮನೆಗೆ ಬರುತ್ತದೆ, ಪೋಸ್ಟ್‌ಮ್ಯಾನ್‌ಗೆ ಗೊತ್ತು ಎರಡೂ ಒಂದೇ ಅಂತ. ಸಾಫ್ಟ್‌ವೇರ್‌ಗೆ ಆ ಬುದ್ಧಿ ಇಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಝಡ್, ಪಕ್ಕದ ಕಂಪ್ಯೂಟರಿನಲ್ಲಿ ಅದೇ ಫೋಲ್ಡರ್ ವೈ ಅಂತ ಮ್ಯಾಪ್ ಆಗಿದ್ದರೆ ಅದರ ಲೆಕ್ಕಕ್ಕೆ ಅವು ಎರಡು ಬೇರೆ ಬೇರೆ ಊರು. ಎರಡೂ ಕಡೆ ಅಕ್ಷರ ಏನಿದೆ ಅಂತ ಈಗಲೇ ಎದ್ದು ಹೋಗಿ ನೋಡಿ. ಬೇರೆ ಇದ್ದರೆ ಒಂದನ್ನು ಡಿಸ್ಕನೆಕ್ಟ್ ಮಾಡಿ ಎರಡಕ್ಕೂ ಝಡ್ ಅಂತಲೇ ಕೊಡಿ, ಮತ್ತೆ ಸೈನ್ ಇನ್ ಆದಾಗಲೂ ಜೋಡಿಸು ಅನ್ನುವ ಟಿಕ್ ಬಿಡಬೇಡಿ. ಅಕ್ಷರ ಒಂದೇ ಇದ್ದರೆ ಸಾಲದು, ಅದು ತೋರಿಸುವ ಫೋಲ್ಡರ್ ಕೂಡ ಒಂದೇ ಇರಬೇಕು. ಒಬ್ಬರು ನಾಸ್‌ನ ಹೊರಗಿನ ಫೋಲ್ಡರ್ ಮ್ಯಾಪ್ ಮಾಡಿ, ಇನ್ನೊಬ್ಬರು ಅದರೊಳಗಿನ 'ಲಗ್ನ' ಫೋಲ್ಡರ್ ಮ್ಯಾಪ್ ಮಾಡಿದರೆ ಮತ್ತೆ ಅದೇ ಕಥೆ.

ಅಕ್ಷರದ ಗೊಡವೆಯೇ ಬೇಡ ಅಂದರೆ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ನಾಸ್‌ನ ಹೆಸರು, ಆಮೇಲೆ ಫೋಲ್ಡರ್ ಹೆಸರು, ಹೀಗೆ ಪೂರ್ತಿ ದಾರಿಯಿಂದಲೇ ಎಕ್ಸ್‌ಪ್ಲೋರರ್‌ನಲ್ಲಿ ತೆರೆದು ಕ್ಲಿಪ್‌ಗಳನ್ನು ಮೀಡಿಯಾ ಪೂಲ್‌ಗೆ ಎಳೆದು ಹಾಕಬಹುದು. ಇದನ್ನು ಯುಎನ್‌ಸಿ ದಾರಿ ಅನ್ನುತ್ತಾರೆ. ಒಂದೇ ಷರತ್ತು, ಇವತ್ತು ನಾಸ್‌ನ ಹೆಸರಿನಿಂದ, ನಾಳೆ ಅದರ ಐಪಿ ನಂಬರಿನಿಂದ (ನೆಟ್‌ವರ್ಕ್‌ನಲ್ಲಿ ಅದರ ವಿಳಾಸ) ಹೋಗಬಾರದು. ಐಪಿ ಬಳಸೋದೇ ಆದರೆ ರೂಟರ್ ಒಳಗೆ ಹೋಗಿ ಆ ನಂಬರನ್ನು ನಾಸ್‌ಗೆ ಕಾಯಂ ಮಾಡಿಸಿ. ಇಲ್ಲಾಂದ್ರೆ ಒಂದು ಸಲ ಕರೆಂಟ್ ಹೋಗಿ ಬಂದರೆ ರೂಟರ್ ಬೇರೆ ನಂಬರ್ ಕೊಡಬಹುದು. ಆಗ ಊರೇ ಕೆಂಪು.

ಈಗ ಕೆಂಪಾಗಿರುವ ಪ್ರಾಜೆಕ್ಟ್‌ಗೆ ಪರಿಹಾರ: ಮೀಡಿಯಾ ಪೂಲ್‌ನಲ್ಲಿ ಎಲ್ಲ ಕ್ಲಿಪ್ ಒಟ್ಟಿಗೆ ಆರಿಸಿ, ರೈಟ್ ಕ್ಲಿಕ್ ಮಾಡಿ, ರೀಲಿಂಕ್ ಕೊಟ್ಟು ಹೊಸ ಫೋಲ್ಡರ್ ತೋರಿಸಿ. ಒಂದೊಂದಾಗಿ ಕೂತು ಮಾಡಬೇಡಿ. ಪ್ರೀಮಿಯರ್ ಪ್ರೋದಲ್ಲೂ ಇದೇ ಥರ, 'ಲಿಂಕ್ ಮೀಡಿಯಾ' ಕಿಟಕಿಯಲ್ಲಿ ಒಂದು ಫೈಲ್ ತೋರಿಸಿದರೆ ಉಳಿದವನ್ನು ಅದೇ ಹುಡುಕಿಕೊಳ್ಳುತ್ತದೆ. ಆದರೆ ಇದೆಲ್ಲ ಸಲೀಸಾಗಿ ನಡೆಯೋದು ಒಳಗಿನ ಫೋಲ್ಡರ್‌ಗಳ ಹೆಸರು ಯಾರೂ ಬದಲಾಯಿಸದೆ ಇದ್ದಾಗ. ನಾನೇ ಒಮ್ಮೆ ನಾಸ್ ಚೊಕ್ಕ ಮಾಡ್ತೀನಿ ಅಂತ ಹೊರಟು ಮೂರು ಲಗ್ನಗಳ ಫೋಲ್ಡರ್ ಹೆಸರು ಚೆಂದ ಮಾಡಿದ್ದೆ. ಮರುದಿನ ಎಡಿಟರ್ ನನ್ನ ಜೊತೆ ಮಾತಾಡಲಿಲ್ಲ.

ಪತ್ರದ ಕೊನೆಗೆ 'ಕೆಲವು ದಿನ ಬೆಳಿಗ್ಗೆ ಝಡ್ ಮೇಲೆ ಕೆಂಪು ಗುಣಾಕಾರ ಇರುತ್ತದೆ' ಅಂತಲೂ ಬರೆದಿದ್ದೀರಿ. ಕಂಪ್ಯೂಟರ್ ಅರ್ಧ ನಿಮಿಷದಲ್ಲಿ ಏಳುತ್ತದೆ, ನಾಸ್ ಏಳಲು ಕೆಲವು ನಿಮಿಷ ಬೇಕು. ವಿಂಡೋಸ್ ಒಂದು ಸಲ ಬಾಗಿಲು ಬಡಿದು, ಯಾರೂ ಇಲ್ಲ ಅಂತ ವಾಪಸ್ ಬಂದಿರುತ್ತದೆ. ಮೊದಲು ನಾಸ್ ಆನ್ ಮಾಡಿ ಚಹಾ ಕುಡಿದು ಬಂದು ಆಮೇಲೆ ಕಂಪ್ಯೂಟರ್ ಆನ್ ಮಾಡಿ. ರಿಸಾಲ್ವ್ ತೆರೆಯುವ ಮುಂಚೆ ಝಡ್ ಮೇಲೆ ಒಂದು ಸಲ ಡಬಲ್ ಕ್ಲಿಕ್ ಮಾಡಿ ಎಬ್ಬಿಸಿ. ಊಟಕ್ಕೆ ಹೋಗಿ ಬಂದಾಗ ಆಫ್‌ಲೈನ್ ಆಗುತ್ತಿದ್ದರೆ ನಾಸ್‌ನ ಡಿಸ್ಕ್ ನಿದ್ದೆ ಹೋಗ್ತಿದೆ ಅಂತ ಅರ್ಥ, ಅದರ ಸೆಟ್ಟಿಂಗ್ಸ್‌ನಲ್ಲಿ ಹೈಬರ್ನೇಷನ್ ಬಂದ್ ಮಾಡಿ. ಇನ್ನೂ ಒಂದು ಮಾತು, ಯುಪಿಎಸ್ ಬಗ್ಗೆ. ಹೆಚ್ಚಿನ ಸ್ಟುಡಿಯೋಗಳಲ್ಲಿ ಕಂಪ್ಯೂಟರ್‌ಗೆ ಯುಪಿಎಸ್ ಇರುತ್ತದೆ, ನಾಸ್ ಮತ್ತು ನೆಟ್‌ವರ್ಕ್ ಸ್ವಿಚ್ (ಕೇಬಲ್‌ಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ) ಮಾತ್ರ ನೇರ ಗೋಡೆಯ ಪ್ಲಗ್‌ಗೆ. ಮಳೆಗಾಲದ ಮೊದಲ ಗಾಳಿಗೆ ಕರೆಂಟ್ ಹೋಯಿತು ಅಂದ್ರೆ ಕಂಪ್ಯೂಟರ್ ಬದುಕಿರುತ್ತದೆ, ಫುಟೇಜ್ ಇರುವ ಡಿಸ್ಕ್ ಬರೆಯುತ್ತಿದ್ದ ಹಾಗೆಯೇ ಸಾಯುತ್ತದೆ. ಮತ್ತೆ, ನಾಸ್ ಅನ್ನು ಕೌಂಟರ್ ಕೆಳಗಿನ ಮುಚ್ಚಿದ ಕಪಾಟಿನಲ್ಲಿ ಇಡಬೇಡಿ. ಏಪ್ರಿಲ್-ಮೇನಲ್ಲಿ ನಮ್ಮಲ್ಲಿ ಹೊರಗೇ 40 ಡಿಗ್ರಿ ದಾಟಿರುತ್ತದೆ, ಕಪಾಟಿನ ಒಳಗೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಪ್ರಶ್ನೆ: ಬೀದರದಲ್ಲಿ ಹಳೆಯ ಮನೆಯಲ್ಲೇ ಎಡಿಟಿಂಗ್ ಮಾಡುತ್ತೇನೆ. ನಾಸ್ ಕೆಳಗಿನ ಕೋಣೆಯಲ್ಲಿದೆ, ಲ್ಯಾಪ್‌ಟಾಪ್ ಮೇಲೆ, ವೈಫೈನಲ್ಲಿ. 4ಕೆ ಕ್ಲಿಪ್ ತಡವರಿಸಿ ತಡವರಿಸಿ ಓಡುತ್ತದೆ. ಕೇಬಲ್ ಎಳೆದು ನೋಡಿದೆ, ಸ್ವಲ್ಪ ಸುಧಾರಿಸಿತು ಅಷ್ಟೇ. ಅಂಗಡಿಯವರು 10 ಗಿಗಾಬಿಟ್ ಸ್ವಿಚ್ಚೇ ಬೇಕು ಅನ್ನುತ್ತಿದ್ದಾರೆ. ತರಲೇ?

ಉತ್ತರ: ತರಬೇಡಿ. ಕನಿಷ್ಠ ಈ ವಾರ ತರಬೇಡಿ.

ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ. ತಡವರಿಸುವ ಕ್ಲಿಪ್ ಒಂದನ್ನು ಲ್ಯಾಪ್‌ಟಾಪಿನ ಎಸ್‌ಎಸ್‌ಡಿಗೆ ಕಾಪಿ ಮಾಡಿ, ಅಲ್ಲಿಂದ ಟೈಮ್‌ಲೈನ್‌ಗೆ ಹಾಕಿ ಓಡಿಸಿ. ಆಗಲೂ ತಡವರಿಸಿದರೆ ನೆಟ್‌ವರ್ಕ್ ನಿರಪರಾಧಿ. ಈಗಿನ ಕ್ಯಾಮೆರಾಗಳು ಎಚ್.265 ಅನ್ನೋ, ವಿಡಿಯೋವನ್ನು ಒತ್ತಿ ಚಿಕ್ಕದು ಮಾಡುವ ವಿಧಾನದಲ್ಲಿ 10 ಬಿಟ್ ಫೈಲ್ ಕೊಡುತ್ತವೆ, ಅವು ಸಣ್ಣ ಫೈಲ್‌ಗಳೇ, ಆದರೆ ಬಿಚ್ಚಿ ತೋರಿಸಲು ಪ್ರೊಸೆಸರ್ ಬೆವರಬೇಕು. ಅದಕ್ಕೆ ಎಂಥ ಸ್ವಿಚ್ ತಂದರೂ ಉಪಯೋಗವಿಲ್ಲ.

ಎಸ್‌ಎಸ್‌ಡಿಯಿಂದ ಚೆನ್ನಾಗಿ ಓಡಿದರೆ ಲೆಕ್ಕಕ್ಕೆ ಕೂರೋಣ. ಕ್ಯಾಮೆರಾದವರು ಹೇಳೋದು ಮೆಗಾಬಿಟ್, ಕಾಪಿ ಮಾಡುವಾಗ ನಮಗೆ ಕಾಣೋದು ಮೆಗಾಬೈಟ್. 8 ಬಿಟ್‌ಗೆ 1 ಬೈಟ್. ನಿಮ್ಮ ಕ್ಯಾಮೆರಾ 4ಕೆಯನ್ನು ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ರೆಕಾರ್ಡ್ ಮಾಡುತ್ತದೆ ಅಂತ ಬರೆದಿದ್ದೀರಿ, ಅಂದರೆ 12.5 ಮೆಗಾಬೈಟ್. ಸಾಮಾನ್ಯ ಗಿಗಾಬಿಟ್ ಕೇಬಲ್‌ನ ಮೇಲ್ಮಿತಿ 125 ಮೆಗಾಬೈಟ್, ಕೈಗೆ ಸಿಗೋದು ಸುಮಾರು 110. ಮೂರು ಕ್ಯಾಮೆರಾದ ಲಗ್ನವನ್ನು ಮಲ್ಟಿಕ್ಯಾಮ್ ಹಾಕಿದರೂ ನಲವತ್ತರ ಒಳಗೇ ಮುಗಿಯುತ್ತದೆ. 10 ಗಿಗಾಬಿಟ್ ಬೇಕಾಗೋದು ಪ್ರೋರೆಸ್ ಥರದ ದೊಡ್ಡ ಫೈಲ್ ಇಟ್ಟುಕೊಂಡವರಿಗೆ. ಪ್ರೋರೆಸ್ 422 ಎಚ್‌ಕ್ಯೂ ಅನ್ನು 4ಕೆಯಲ್ಲಿ 25 ಫ್ರೇಮ್‌ಗೆ ಓಡಿಸಿದರೆ ಒಂದೇ ಕ್ಲಿಪ್‌ಗೆ 700 ಮೆಗಾಬಿಟ್ ದಾಟುತ್ತದೆ, ಎರಡನೆಯದಕ್ಕೆ ಗಿಗಾಬಿಟ್‌ನಲ್ಲಿ ಜಾಗವಿಲ್ಲ. ನೀವು ಆ ಪೈಕಿ ಅಲ್ಲ.

ಹಾಗಾದರೆ ಕೇಬಲ್ ಹಾಕಿದರೂ ಯಾಕೆ ತಡವರಿಸುತ್ತಿದೆ? ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಈಥರ್‌ನೆಟ್ ತೆರೆದು ಲಿಂಕ್ ಸ್ಪೀಡ್ ನೋಡಿ. 1000 ಅಂತ ಇರಬೇಕು. 100 ಅಂತ ಇದ್ದರೆ ಕಳ್ಳ ಸಿಕ್ಕಿಬಿದ್ದ. ಗಿಗಾಬಿಟ್‌ಗೆ ಕೇಬಲ್ ಒಳಗಿನ ನಾಲ್ಕೂ ಜೋಡಿ ತಂತಿ ಬೇಕು. ಕ್ರಿಂಪ್ ಮಾಡಿದವರು ಒಂದು ತಂತಿ ಸರಿಯಾಗಿ ಕೂರಿಸದಿದ್ದರೆ, ಇಲ್ಲವೇ ಎರಡೇ ಜೋಡಿ ಬಳಸಿದ್ದರೆ, ಸಂಪರ್ಕ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಎಲ್ಲ ನಡೆಯುತ್ತದೆ, ಬ್ರೌಸಿಂಗ್ ಕೂಡ ಚೆನ್ನಾಗಿರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರಲ್ಲ. ಆದರೆ 100 ಮೆಗಾಬಿಟ್ ಕ್ಲಿಪ್‌ಗೆ 100 ಮೆಗಾಬಿಟ್ ಕೇಬಲ್ ಅಂದ್ರೆ ಉಸಿರಾಡೋಕೂ ಜಾಗವಿಲ್ಲ, ತಡವರಿಸದೆ ಏನು ಮಾಡೀತು? ಮಧ್ಯದ ಸ್ವಿಚ್ ಅಥವಾ ರೂಟರ್ ಹಳೆಯದಾಗಿದ್ದು ಅದರ ಪೋರ್ಟ್‌ಗಳೇ 100ರವು ಆಗಿರಲೂಬಹುದು. ಫ್ಯಾಕ್ಟರಿಯಲ್ಲೇ ತಲೆ ಕೂರಿಸಿದ ಕ್ಯಾಟ್ 6 ಕೇಬಲ್ ಒಂದು ತಂದು ನೋಡಿ, 10 ಗಿಗಾಬಿಟ್ ಸ್ವಿಚ್ ಎದುರು ಅದರ ಬೆಲೆ ಲೆಕ್ಕಕ್ಕೇ ಬರಲ್ಲ.

ವೈಫೈ ಮಾತ್ರ ಬಿಟ್ಟುಬಿಡಿ. ಬೀದರದ ಹಳೆ ಮನೆಗಳ ಕೆಂಪು ಜಂಬಿಟ್ಟಿಗೆಯ ದಪ್ಪ ಗೋಡೆ ಬೇಸಿಗೆಗೆ ಬಲು ತಂಪು, ವೈಫೈಗೆ ಮಾತ್ರ ಕೋಟೆ ಇದ್ದ ಹಾಗೆ. ಮತ್ತೆ ಎಡಿಟಿಂಗ್ ಅಂದರೆ ಸಿನಿಮಾ ನೋಡಿದ ಹಾಗಲ್ಲ. ಹಿಂದೆ ಮುಂದೆ ಎಳೆಯುತ್ತೀರಿ, ಪ್ರತಿ ಎಳೆತಕ್ಕೂ ನಾಸ್‌ನ ಹತ್ತಿರ ಹೋಗಿ ಹೊಸ ತುಂಡು ತರಬೇಕು. ವೈಫೈಯಲ್ಲಿ ಸರಾಸರಿ ವೇಗ ಚೆನ್ನಾಗಿದ್ದರೂ ನಡುನಡುವೆ ಕ್ಷಣ ಕ್ಷಣ ತಡ ಆಗುತ್ತದೆ, ಆ ತಡವೇ ನಿಮಗೆ ಕಾಣುವ ತಡವರಿಕೆ. ಇನ್ನೊಂದು, ಬೇರೆ ಯಾರಾದರೂ ಪಕ್ಕದಲ್ಲಿ ಕೂತು ಕ್ಯಾಮೆರಾ ಕಾರ್ಡ್‌ಗಳನ್ನು ಅದೇ ನಾಸ್‌ಗೆ ತುಂಬುತ್ತಿರುವಾಗ ನೀವು ಎಡಿಟ್ ಮಾಡಬೇಡಿ. ತಿರುಗುವ ಡಿಸ್ಕ್‌ಗೆ ಇರೋದು ಒಂದೇ ಜೊತೆ ಕೈ.

ಇಷ್ಟೆಲ್ಲ ಆದಮೇಲೂ ಭಾರ ಅನ್ನಿಸಿದರೆ ಪ್ರಾಕ್ಸಿ ಮಾಡಿ. ದೊಡ್ಡ ಕ್ಲಿಪ್‌ನ ಹಗುರ 1080 ನಕಲು, ಅದನ್ನು ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಳ್ಳಿ. 2022ರಲ್ಲಿ ಬಂದ ರಿಸಾಲ್ವ್ 18ರಿಂದ ಪ್ರಾಕ್ಸಿ ಜನರೇಟರ್ ಅನ್ನೋ ಪುಟ್ಟ ಸಾಫ್ಟ್‌ವೇರ್ ಜೊತೆಗೇ ಬರುತ್ತದೆ. ಒಂದು ಫೋಲ್ಡರ್ ತೋರಿಸಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಮಾಡಿಟ್ಟಿರುತ್ತದೆ. ಕಟ್ಟಿಂಗ್ ಎಲ್ಲ ಪ್ರಾಕ್ಸಿಯಲ್ಲಿ, ಕೊನೆಯ ರೆಂಡರ್ ಮಾತ್ರ ನಾಸ್‌ನಲ್ಲಿರುವ ಮೂಲದಿಂದ. ಪ್ರೀಮಿಯರ್ ಬಳಸುವವರೂ ಇದೇ ಮಾಡಬಹುದು, ಆದರೆ ಅವರ ಮೀಡಿಯಾ ಕ್ಯಾಶ್ ಲೋಕಲ್ ಡಿಸ್ಕ್‌ನಲ್ಲೇ ಇರಲಿ. ಪ್ರೀಮಿಯರ್ ಮೊದಲ ಸಲ ಕ್ಲಿಪ್ ತಂದುಕೊಂಡಾಗ ಅದರ ಆಡಿಯೋ ಎಲ್ಲ ಓದಿ ಬೇರೆ ಫೈಲ್ ಮಾಡಿಕೊಳ್ಳುತ್ತದೆ. ನೆಟ್‌ವರ್ಕ್‌ನಲ್ಲಿ ಅದಕ್ಕೆ ಹೊತ್ತು ಹಿಡಿಯುತ್ತದೆ. ಕೆಳಗಿನ ಮೂಲೆಯ ಪಟ್ಟಿ ತುಂಬುವ ತನಕ ಸುಮ್ನೆ ಬಿಡಿ, ಹ್ಯಾಂಗ್ ಆಯ್ತು ಅಂತ ಮುಚ್ಚಬೇಡಿ.

ಪ್ರಶ್ನೆ: ಶಹಾಪುರದಲ್ಲಿದ್ದೇನೆ, ಯಾದಗಿರಿ ಜಿಲ್ಲೆ. ಲಿನಕ್ಸ್ ಮಿಂಟ್‌ನಲ್ಲಿ ಕೇಡೆನ್‌ಲೈವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್ ಬಳಸಿ ಜಾತ್ರೆ, ಭಜನೆ ವಿಡಿಯೋಗಳನ್ನು ಮಾಡುತ್ತೇನೆ. ಫೈಲ್ ಮ್ಯಾನೇಜರ್‌ನಲ್ಲಿ ಅಣ್ಣನ ಕಂಪ್ಯೂಟರಿನ ಶೇರ್ ತೆರೆಯುತ್ತದೆ, ಅಲ್ಲಿಂದ ಕ್ಲಿಪ್ ಎಳೆದು ಕೇಡೆನ್‌ಲೈವ್‌ಗೆ ಹಾಕಿದರೆ ತಗೊಳ್ಳಲ್ಲ.

ಉತ್ತರ: ಫೈಲ್ ಮ್ಯಾನೇಜರ್ ತನ್ನದೇ ಒಂದು ಮಧ್ಯವರ್ತಿಯ ಮೂಲಕ ಆ ಶೇರ್ ತೋರಿಸುತ್ತಿದೆ. ಕೇಡೆನ್‌ಲೈವ್‌ಗೆ ಆ ಮಧ್ಯವರ್ತಿಯ ಭಾಷೆ ಬರಲ್ಲ, ಅದಕ್ಕೆ ಡಿಸ್ಕಿನ ಮೇಲಿನ ನಿಜವಾದ ಫೋಲ್ಡರ್ ದಾರಿ ಬೇಕು. ಸಿಐಎಫ್‌ಎಸ್ ಯುಟಿಲ್ಸ್ ಅನ್ನೋ ಪ್ಯಾಕೇಜ್ ಹಾಕಿಕೊಂಡು, ಎಂಎನ್‌ಟಿ ಫೋಲ್ಡರ್ ಒಳಗೆ ಒಂದು ಖಾಲಿ ಫೋಲ್ಡರ್ ಮಾಡಿ, ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಒಂದು ಸಾಲು ಬರೆದು ಶೇರ್ ಅನ್ನು ಅಲ್ಲಿಗೆ ಮೌಂಟ್ ಮಾಡಿ, ಅಂದರೆ ಜೋಡಿಸಿ. ಆ ಸಾಲಿನಲ್ಲಿ ಎರಡು ಮರೆಯಬೇಡಿ. ನಿಮ್ಮ ಯುಐಡಿ (ನಿಮ್ಮ ಯೂಸರ್ ನಂಬರ್) ಹಾಕಿ, ಇಲ್ಲಾಂದ್ರೆ ಎಲ್ಲ ರೂಟ್ (ಅಡ್ಮಿನ್) ಹೆಸರಿಗೆ ಹೋಗಿ ಸೇವ್ ಮಾಡಲು ಬಿಡಲ್ಲ. 'ನೋಫೇಲ್' ಅಂತ ಸೇರಿಸಿ, ಇಲ್ಲಾಂದ್ರೆ ಅಣ್ಣ ಕಂಪ್ಯೂಟರ್ ಆನ್ ಮಾಡದ ದಿನ ನಿಮ್ಮದು ಬೂಟ್ ಆಗದೆ ಕೂರಬಹುದು. ಇಷ್ಟಾದರೂ ಕಾಣದಿದ್ದರೆ ನೀವು ಹಾಕಿಕೊಂಡಿರುವುದು ಫ್ಲಾಟ್‌ಪ್ಯಾಕ್ ಇರಬೇಕು, ಮಿಂಟ್‌ನಲ್ಲಿ ಅದು ಸುಲಭವಾಗಿ ಸಿಗುತ್ತದೆ. ಅದು ಪೆಟ್ಟಿಗೆಯೊಳಗೆ ಕೂತ ಸಾಫ್ಟ್‌ವೇರ್. ಫ್ಲಾಟ್‌ಸೀಲ್ ಅನ್ನೋದನ್ನು ಹಾಕಿ ಆ ಫೋಲ್ಡರ್‌ಗೆ ಅನುಮತಿ ಕೊಡಿ.

ಪ್ರಶ್ನೆ: ಹುಮನಾಬಾದ್. ರೂಟರ್‌ಗೆ ಹಾರ್ಡ್ ಡಿಸ್ಕ್ ಚುಚ್ಚಿ ವರ್ಷಗಟ್ಟಲೆ ನೆಟ್‌ವರ್ಕ್‌ನಲ್ಲಿ ಬಳಸಿದ್ದೇನೆ. ಹೊಸ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಪ್ರೋ, ತೆರೆಯುವುದೇ ಇಲ್ಲ. ಹಳೆಯ ವಿಂಡೋಸ್ 7ನಲ್ಲಿ ಈಗಲೂ ತೆರೆಯುತ್ತದೆ.

ಉತ್ತರ: ಹಳೆಯ ರೂಟರ್‌ಗಳು ಮಾತಾಡೋದು ಎಸ್‌ಎಂಬಿ 1, ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳುವ ಹಳೆಯ ಭಾಷೆ. 2017ರ ಕೊನೆಯ ಹೊತ್ತಿಗೆ ಬಂದ ವಿಂಡೋಸ್ 10ರಿಂದಲೇ ಮೈಕ್ರೋಸಾಫ್ಟ್ ಅದನ್ನು ಹೊರಗೆ ಹಾಕಿದೆ. ಅದೇ ವರ್ಷ ಮೇನಲ್ಲಿ ವನ್ನಾಕ್ರೈ ವೈರಸ್ ಲೋಕ ಸುತ್ತಿದ್ದು ಅದರ ತೂತಿನಿಂದಲೇ. ಸಾಲದ್ದಕ್ಕೆ 2024ರ ವಿಂಡೋಸ್ 11 ಪ್ರೋ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಶೇರ್‌ಗಳನ್ನೂ ಒಳಗೆ ಬಿಡುವುದಿಲ್ಲ. ರೂಟರ್‌ನ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಯೂಸರ್ ಹೆಸರು ಮತ್ತು ಪಾಸ್‌ವರ್ಡ್ ಇಟ್ಟು, ಎಸ್‌ಎಂಬಿ 2 ಅಥವಾ 3 ಸಿಗುತ್ತದಾ ನೋಡಿ. ಸಿಗದಿದ್ದರೆ ಡಿಸ್ಕ್ ಬಿಚ್ಚಿ ನೇರ ಲ್ಯಾಪ್‌ಟಾಪ್‌ಗೆ ಚುಚ್ಚಿ. ಎಸ್‌ಎಂಬಿ 1 ಮತ್ತೆ ಆನ್ ಮಾಡುವ ದಾರಿ ಇದೆ, ನಾನು ಹೇಳಲ್ಲ.

ಪ್ರಶ್ನೆ: ಗೂಗಲ್ ಡ್ರೈವ್ ಕೂಡ ನನ್ನ ಕಂಪ್ಯೂಟರಿನಲ್ಲಿ ಜಿ ಡ್ರೈವ್ ಅಂತ ಕಾಣುತ್ತದೆ. ಅಲ್ಲಿಂದಲೇ ಎಡಿಟ್ ಮಾಡಬಹುದಲ್ವಾ? ನಾಸ್ ಖರ್ಚು ಉಳಿಯಿತು!

ಉತ್ತರ: ಕಾಣೋದು ಡ್ರೈವ್ ಥರ, ಫೈಲ್ ಇರೋದು ಇಂಟರ್‌ನೆಟ್‌ನಲ್ಲಿ. ಸ್ಟ್ರೀಮ್ ಸೆಟ್ಟಿಂಗ್‌ನಲ್ಲಿ ಇದ್ದರೆ ನೀವು ಕ್ಲಿಪ್ ಮುಟ್ಟಿದಾಗ ಡೌನ್‌ಲೋಡ್ ಶುರುವಾಗುತ್ತದೆ, ಅಲ್ಲಿಯ ತನಕ ರಿಸಾಲ್ವ್ ಬಾಯಿ ಬಿಟ್ಟುಕೊಂಡು ಕೂರುತ್ತದೆ. ಬೇಕಾದ ಫೋಲ್ಡರನ್ನು ಮೊದಲೇ 'ಅವೈಲಬಲ್ ಆಫ್‌ಲೈನ್' ಮಾಡಿಕೊಂಡರೆ ನಡೆಯುತ್ತದೆ. ಆದರೆ ಆಗ ಅದು ನಿಮ್ಮ ಡಿಸ್ಕಿನ ಜಾಗವನ್ನೇ ತಿನ್ನುತ್ತದೆ. ಪ್ರಾಕ್ಸಿ ಕಳಿಸಲು ತರಿಸಲು ಒಳ್ಳೆಯದು, ಪೂರ್ತಿ ಲಗ್ನಕ್ಕೆ ಅಲ್ಲ.

ಪ್ರಶ್ನೆ: ಸುರಪುರದಿಂದ. ನಾಸ್‌ನಲ್ಲಿ ಫೋಲ್ಡರ್, ಫೈಲ್‌ಗಳಿಗೆ ಕನ್ನಡದಲ್ಲೇ ಹೆಸರು ಇಡುತ್ತೇನೆ. ಕೆಲವು ಫೈಲ್ ಮಾತ್ರ ಕಾಪಿಯೇ ಆಗುವುದಿಲ್ಲ. ಕನ್ನಡ ಬಿಡಬೇಕಾ?

ಉತ್ತರ: ಬಿಡಬೇಕಿಲ್ಲ, ಸ್ವಲ್ಪ ಚಿಕ್ಕದು ಮಾಡಿ. ಹೆಚ್ಚಿನ ನಾಸ್‌ಗಳ ಒಳಗೆ ಇರೋದು ಲಿನಕ್ಸ್, ಅಲ್ಲಿ ಒಂದು ಹೆಸರಿಗೆ 255 ಬೈಟ್ ಮಾತ್ರ ಜಾಗ. ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು, ನಮ್ಮ ಅಕ್ಷರಕ್ಕೆ 3. ಅದೂ ಕಾಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. 'ಕ್ಷ' ಅನ್ನೋದು ಕಣ್ಣಿಗೆ ಒಂದು, ಕಂಪ್ಯೂಟರ್‌ಗೆ ಕ, ಹಲಂತ, ಷ ಅಂತ ಮೂರು, ಅಂದರೆ 9 ಬೈಟ್. 'ಶರಣಬಸವೇಶ್ವರ' ಅಂತ ಬರೆದರೆ ಅಲ್ಲಿಗೇ 33 ಮುಗಿಯಿತು. ವಿಂಡೋಸ್ ಬೈಟ್ ಎಣಿಸದೆ ಅಕ್ಷರ ಎಣಿಸುವುದರಿಂದ ನಿಮ್ಮ ಕಂಪ್ಯೂಟರಿನಲ್ಲಿ ಉದ್ದದ ಹೆಸರು ಸುಸೂತ್ರ, ನಾಸ್‌ಗೆ ಹೋದಾಗ ಮಾತ್ರ ತಕರಾರು. ಹಳೆಯ ಮ್ಯಾಕ್ ಡಿಸ್ಕ್‌ಗಳದ್ದು ಇನ್ನೊಂದು ಚಾಳಿ. ಅವು ದೀರ್ಘದ ಗುರುತನ್ನು ಒಡೆದು ಎರಡು ತುಂಡಾಗಿ ಬರೆಯುತ್ತವೆ. ಕಣ್ಣಿಗೆ ಅದೇ ಹೆಸರು, ಸಾಫ್ಟ್‌ವೇರ್‌ಗೆ ಬೇರೆ ಹೆಸರು, ರೀಲಿಂಕ್ ಆಗಲ್ಲ.

ಫೋಲ್ಡರ್‌ಗೆ ಕನ್ನಡ ಇರಲಿ: ತಾರೀಖು, ಊರು, ಮನೆತನ, ಅಷ್ಟು ಸಾಕು. ಒಳಗಿನ ಕ್ಲಿಪ್‌ಗಳಿಗೆ ಕ್ಯಾಮೆರಾ ಕೊಟ್ಟ ಹೆಸರನ್ನು ಮುಟ್ಟಬೇಡಿ. ಒಂದೇ ಕಂಪನಿಯ ಎರಡು ಕ್ಯಾಮೆರಾ ಇದ್ದರೆ ಎರಡರಲ್ಲೂ 0001 ಇದ್ದೇ ಇರುತ್ತದೆ, ಹಾಗಾಗಿ ಪ್ರತಿ ಕ್ಯಾಮೆರಾಕ್ಕೆ ಒಂದು ಫೋಲ್ಡರ್ ಮಾಡಿ. ಇಲ್ಲದಿದ್ದರೆ ಅಕ್ಷತೆ ಬೀಳುವ ಹೊತ್ತಿಗೆ ಅಡುಗೆ ಮನೆಯ ಕ್ಲಿಪ್ ಬಂದು ಕೂತಿರುತ್ತದೆ.